ಮೊದಲು, ಆಮೇಲೆ, ಕೊನೆಗೆ: ‘ಮಾಡುವ ವಿಧಾನ’ ಓದುವಾಗ ಕ್ರಮ ಹಿಡಿಯುವುದನ್ನು ಮಕ್ಕಳಿಗೆ ಕಲಿಸುವ ಬಗೆ

ಕೊಡಗಿನಲ್ಲಿ ಮೂರರಿಂದ ಐದನೆಯ ತರಗತಿಯವರೆಗೆ ಕನ್ನಡ ಕಲಿಸುವ ಶಿಕ್ಷಕರು, ಸಂಜೆ ಮಕ್ಕಳನ್ನು ಕೂರಿಸಿಕೊಂಡು ಓದಿಸುವ ಹೆತ್ತವರು ಒಂದೇ ತೊಡಕನ್ನು ಮತ್ತೆ ಮತ್ತೆ ಹೇಳುತ್ತಾರೆ. ‘ಮೊದಲು’, ‘ನಂತರ’, ‘ಕೊನೆಗೆ’ ಎಂಬ ಪದಗಳ ಅಡಿಯಲ್ಲಿ ಮಗು ತಪ್ಪದೆ ಗೆರೆ ಎಳೆಯುತ್ತದೆ. ಅದೇ ಪಠ್ಯದ ಕೆಲಸಗಳನ್ನು ಬಿಡಿ ಚೀಟಿಗಳಲ್ಲಿ ಬರೆದು ಜೋಡಿಸಲು ಹೇಳಿದರೆ ಎಲ್ಲವೂ ಅದಲುಬದಲಾಗುತ್ತದೆ.

ಕಾರಣ ಮಗುವಿನ ದಡ್ಡತನವಲ್ಲ. ಕನ್ನಡದ ಅಡುಗೆ ವಿಧಾನದಲ್ಲೋ ಔಷಧಿ ಪೊಟ್ಟಣದ ಸೂಚನೆಯಲ್ಲೋ ಕ್ರಮವನ್ನು ಹೇಳುವ ಕೆಲಸವನ್ನು ಬಹುಪಾಲು ಮಾಡುವುದು ಕ್ರಿಯಾಪದದ ಕೊನೆಯ ಅಕ್ಷರಗಳು. ‘ತೊಳೆದು’, ‘ಹೆಚ್ಚಿ’, ‘ಬೆಂದ ಮೇಲೆ’, ‘ಹಾಕುವ ಮುನ್ನ’ ಇವೆಲ್ಲ ಅಂಥವು. ನಾವು ಕಲಿಸುವುದು ಮಾತ್ರ ಐದಾರು ಬಿಡಿ ಪದಗಳ ಪಟ್ಟಿಯನ್ನು. ಪಟ್ಟಿ ಬಾಯಿಪಾಠವಾದರೂ ಪಠ್ಯ ಕೈಗೆ ಸಿಗುವುದಿಲ್ಲ.

ಕೆಳಗಿನ ಹಂತಗಳನ್ನು ಇದೇ ಅನುಕ್ರಮದಲ್ಲಿ ಮಾಡಿಸಿ. ಎರಡನೆಯ ಹಂತವನ್ನು ಹಾರಿ ಮೂರನೆಯದಕ್ಕೆ ಹೋದರೆ ಐದನೆಯದರಲ್ಲಿ ಮಗು ಖಂಡಿತ ಸಿಕ್ಕಿಹಾಕಿಕೊಳ್ಳುತ್ತದೆ.

## ಮೊದಲೇ ಸಿದ್ಧಪಡಿಸಿಕೊಳ್ಳಬೇಕಾದವು

ಹಳೆಯ ಕ್ಯಾಲೆಂಡರಿನ ದಪ್ಪ ಹಾಳೆಗಳ ಹಿಂಬದಿಯನ್ನು ಗೇಣುದ್ದದ ಚೀಟಿಗಳಾಗಿ ಕತ್ತರಿಸಿಟ್ಟುಕೊಳ್ಳಿ. ಕೆಂಪು, ನೀಲಿ, ಹಸಿರು ಬಣ್ಣದ ಪೆನ್ಸಿಲ್‌ಗಳು ಬೇಕು. ಒಂದು ಉದ್ದನೆಯ ಹಗ್ಗ, ಬಟ್ಟೆ ಒಣಹಾಕುವ ಕ್ಲಿಪ್‌ಗಳು ಬೇಕು.

ಹಗ್ಗ ಯಾಕೆಂದರೆ, ಮಳೆಗಾಲದಲ್ಲಿ ನಮ್ಮ ತರಗತಿಗಳ ನೆಲ ಜಿನುಗುತ್ತಿರುತ್ತದೆ, ಕಾಗದ ಹರಡಲು ಆಗುವುದಿಲ್ಲ. ಅದಕ್ಕಿಂತ ಮುಖ್ಯವಾದ ಕಾರಣ ಇನ್ನೊಂದಿದೆ. ಹಗ್ಗಕ್ಕೆ ಸಿಕ್ಕಿಸಿದ ಎರಡು ಚೀಟಿಗಳ ನಡುವೆ ಮೂರನೆಯದನ್ನು ತೂರಿಸುವುದು ಸುಲಭ. ಬಿಟ್ಟುಹೋದ ಹಂತ ಹೊಳೆದಾಗ ಮಗು ಎಲ್ಲವನ್ನೂ ಕೆಡವದೆ ಸೇರಿಸಬಹುದು.

## ಹಂತ 1: ಸರಿಯಾದ ಪಠ್ಯವನ್ನು ಆರಿಸಿ

ಕ್ರಮ ಬದಲಾದರೆ ಕೆಲಸ ಕೆಡುವಂಥ ಪಠ್ಯವನ್ನೇ ಆರಿಸಿ. ಹಣ್ಣಿನ ರಸಾಯನದ ವಿಧಾನ ಈ ಪಾಠಕ್ಕೆ ಸಲ್ಲದು. ಬಾಳೆಹಣ್ಣು ಮೊದಲು ಹಾಕಿದರೂ ಕಿತ್ತಳೆ ಮೊದಲು ಹಾಕಿದರೂ ರುಚಿ ಒಂದೇ. ಅಂಥ ಪಠ್ಯದಲ್ಲಿ ಕ್ರಮಪದ ಹುಡುಕಿಸಿದರೆ ಅದು ಸುಮ್ಮನೆ ಶಿಕ್ಷಕರನ್ನು ಮೆಚ್ಚಿಸುವ ಕೆಲಸ ಎಂದು ಮಗು ತಿಳಿಯುತ್ತದೆ.

ಒಳ್ಳೆಯ ಪಠ್ಯಗಳು ನಮ್ಮ ಸುತ್ತಲೇ ಇವೆ. ಶಾಲೆಯಲ್ಲಿ ಹಾಲಿನ ಪುಡಿ ಕದಡುವುದು, ಮನೆಯಲ್ಲಿ ಅಕ್ಕಿ ರೊಟ್ಟಿ ತಟ್ಟುವುದು, ಕಾಳುಮೆಣಸು ಒಣಗಿಸುವುದು, ಕಾಫಿ ಹಣ್ಣನ್ನು ಪಲ್ಪಿಂಗ್ ಮಾಡುವುದು (ಅಂದರೆ ಸಿಪ್ಪೆ ಬಿಡಿಸುವುದು), ಓಆರ್‌ಎಸ್ ಪೊಟ್ಟಣವನ್ನು ನೀರಿಗೆ ಬೆರೆಸುವುದು. ತೋಟದ ಕೆಲಸಗಾರರ ಲೈನ್‌ಮನೆಯ ಮಗುವಿಗೂ ಪೇಟೆಯ ಮಗುವಿಗೂ ಇವುಗಳಲ್ಲಿ ಒಂದಲ್ಲ ಒಂದು ಪರಿಚಿತ.

ಮಳೆಗಾಲ ಬಂದರೆ ಕಣಿಲೆಯೂ, ಅಂದರೆ ಎಳೆ ಬಿದಿರಿನ ಮೊಳಕೆಯೂ, ಒಳ್ಳೆಯ ಉದಾಹರಣೆ. ಹೆಚ್ಚಿದ ಕಣಿಲೆಯನ್ನು ನೀರಿನಲ್ಲಿ ನೆನೆಸಿ, ದಿನಾ ನೀರು ಬದಲಿಸಿ, ಆಮೇಲೆ ಬೇಯಿಸಬೇಕು. ಹಸಿ ಬಿದಿರಿನ ಮೊಳಕೆಯಲ್ಲಿ ಸಯನೈಡ್ ಹೊರಸೂಸುವ ಅಂಶ ಇರುವುದರಿಂದ ನೆನೆಸುವ ಹಂತವನ್ನು ಬಿಡುವಂತಿಲ್ಲ. ಕ್ರಮ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಮಕ್ಕಳಿಗೆ ಇದಕ್ಕಿಂತ ಗಟ್ಟಿಯಾದ ಉತ್ತರ ಬೇಕಿಲ್ಲ. ಇದನ್ನು ಮಾತಿನಲ್ಲೇ ಚರ್ಚಿಸಿ, ಮಕ್ಕಳ ಕೈಯಲ್ಲಿ ಮಾಡಿಸಬೇಡಿ.

ಮೊದಲ ಪಠ್ಯ ಮೂರು ವಾಕ್ಯಗಳನ್ನು ದಾಟಬಾರದು.

## ಹಂತ 2: ಕೈಯಿಂದ ಮಾಡಿಸಿ, ಬಾಯಿಂದ ಹೇಳಿಸಿ

ಅಚ್ಚಾದ ಪಠ್ಯವನ್ನು ಇನ್ನೂ ತೋರಿಸಬೇಡಿ. ಎರಡು ಲೋಟ, ಒಂದು ಚಮಚ, ಸ್ವಲ್ಪ ಹಾಲಿನ ಪುಡಿ, ಉಗುರುಬೆಚ್ಚಗಿನ ನೀರು ಮತ್ತು ಬಿಸಿ ನೀರು ಇಟ್ಟುಕೊಳ್ಳಿ. ಬಿಸಿ ನೀರನ್ನು ನೀವೇ ಸುರಿಯಿರಿ, ಮಕ್ಕಳು ದೂರದಲ್ಲಿರಲಿ.

ಒಂದನೆಯ ಲೋಟದಲ್ಲಿ ಪುಡಿಗೆ ಸ್ವಲ್ಪವೇ ಉಗುರುಬೆಚ್ಚಗಿನ ನೀರು ಹಾಕಿ ನುಣ್ಣಗೆ ಕದಡಿ, ಆಮೇಲೆ ಬಿಸಿ ನೀರು ಸೇರಿಸಿ. ಎರಡನೆಯದರಲ್ಲಿ ಬಿಸಿ ನೀರಿಗೆ ಪುಡಿಯನ್ನು ಒಮ್ಮೆಗೇ ಸುರಿಯಿರಿ. ಎರಡನೆಯ ಲೋಟದಲ್ಲಿ ಹೊರಗೆ ಒದ್ದೆ, ಒಳಗೆ ಒಣಪುಡಿ ಇರುವ ಗಂಟುಗಳು ತೇಲುತ್ತವೆ. ಚಮಚದಿಂದ ಒಂದು ಗಂಟನ್ನು ಒಡೆದು ತೋರಿಸಿ. ಬಳಸಿದ ವಸ್ತು ಒಂದೇ, ಕೆಟ್ಟದ್ದು ಕ್ರಮ ಮಾತ್ರ ಎಂಬುದು ಮಕ್ಕಳಿಗೆ ಕಣ್ಣಾರೆ ಕಾಣುತ್ತದೆ.

ಈಗ ಒಬ್ಬೊಬ್ಬರಾಗಿ ಹೇಳಲಿ: ಏನಾಯಿತು, ಆಮೇಲೆ ಏನಾಯಿತು? ಈ ಹೊತ್ತಿನಲ್ಲಿ ಕನ್ನಡವೇ ಆಗಬೇಕೆಂದು ಹಟ ಹಿಡಿಯಬೇಡಿ. ಒಂದೇ ತರಗತಿಯಲ್ಲಿ ಕೊಡವ, ಅರೆಭಾಷೆ, ಯರವ, ಮಲಯಾಳ, ತುಳು ಮಾತಾಡುವ ಮಕ್ಕಳಿರುತ್ತಾರೆ. ಕಾಫಿ ಕೊಯ್ಲಿನ ಹೊತ್ತಿಗೆ ಅಸ್ಸಾಮಿನಿಂದ ಬಂದ ಕುಟುಂಬಗಳ ಮಕ್ಕಳೂ ಸೇರುತ್ತಾರೆ. ‘ಆಮೇಲೆ’ ಎನ್ನುವುದಕ್ಕೆ ನಿಮ್ಮ ಮನೆಯಲ್ಲಿ ಏನೆನ್ನುತ್ತೀರಿ ಎಂದು ಕೇಳಿ. ಒಬ್ಬಳು ‘ಪಿನ್ನೆ’ ಎನ್ನುತ್ತಾಳೆ, ಇನ್ನೊಬ್ಬ ‘ಬೊಕ್ಕ’ ಎನ್ನುತ್ತಾನೆ, ಮತ್ತೊಬ್ಬ ‘ಫಿರ್’ ಎನ್ನುತ್ತಾನೆ. ಎಲ್ಲವನ್ನೂ ಕಪ್ಪುಹಲಗೆಯ ಮೇಲೆ ಕನ್ನಡ ಲಿಪಿಯಲ್ಲಿ ಬರೆಯಿರಿ. ಕ್ರಮದ ಅರಿವು ಮಗುವಿಗೆ ಮನೆಮಾತಿನಲ್ಲಿ ಈಗಾಗಲೇ ಇದೆ. ನೀವು ಕಲಿಸಬೇಕಿರುವುದು ಅದರ ಕನ್ನಡ ರೂಪವನ್ನು ಮಾತ್ರ.

ಎಚ್ಚರಿಕೆಯ ಲಕ್ಷಣ: ಮಗು ತಾನೇ ನೋಡಿದ ಕೆಲಸವನ್ನು ಕ್ರಮವಾಗಿ ಹೇಳಲಾರದೆ ಹೋದರೆ ಅದು ಓದಿನ ತೊಂದರೆಯಲ್ಲ. ಅಂಥ ಮಗುವಿಗೆ ಚೀಟಿ ಕೊಡಬೇಡಿ. ಹಲ್ಲುಜ್ಜುವುದು, ಗಂಬೂಟು ಹಾಕಿಕೊಳ್ಳುವುದು ಮುಂತಾದ ಕೆಲಸಗಳನ್ನು ಮಾಡಿ ತೋರಿಸುತ್ತಾ ಹೇಳುವ ಅಭ್ಯಾಸ ಇನ್ನಷ್ಟು ದಿನ ನಡೆಯಲಿ.

## ಹಂತ 3: ಬಿಡಿ ಕ್ರಮಪದಗಳು

ಇದು ಎಲ್ಲರೂ ಕಲಿಸುವ ಹಂತ, ಬೇಗ ಮುಗಿಸಬಹುದು. ಪದಗಳನ್ನು ಒಂದೇ ಉದ್ದ ಪಟ್ಟಿಯಾಗಿ ಕೊಡದೆ ಅವು ಮಾಡುವ ಕೆಲಸದ ಮೇಲೆ ಗುಂಪು ಮಾಡಿ.

- ಆರಂಭ: ಮೊದಲು, ಮೊದಲಿಗೆ, ಮೊಟ್ಟಮೊದಲು
- ಮುಂದುವರಿಕೆ: ಆಮೇಲೆ, ನಂತರ, ಬಳಿಕ, ಅನಂತರ, ತರುವಾಯ
- ತಡವಿಲ್ಲದೆ: ಕೂಡಲೇ, ತಕ್ಷಣ, ಒಡನೆ
- ಜೊತೆಜೊತೆಗೆ: ಅಷ್ಟರಲ್ಲಿ, ಅದೇ ವೇಳೆ
- ಮುಕ್ತಾಯ: ಕೊನೆಗೆ, ಕೊನೆಯಲ್ಲಿ

ಪಠ್ಯದಲ್ಲಿ ಇವುಗಳಿಗೆ ಕೆಂಪು ಗೆರೆ ಎಳೆಸಿ. ಎರಡನೆಯ ಗುಂಪಿನ ಐದೂ ಪದಗಳು ಹೇಳುವುದು ಒಂದನ್ನೇ ಎಂದು ತಿಳಿಸಿಬಿಡಿ. ‘ನಂತರ’ ಆದ ಮೇಲೆ ‘ಬಳಿಕ’ವೋ, ‘ಬಳಿಕ’ ಆದ ಮೇಲೆ ‘ತರುವಾಯ’ವೋ ಎಂದು ತಲೆ ಕೆಡಿಸಿಕೊಳ್ಳುವ ಮಕ್ಕಳು ಬಹಳ.

ನಮ್ಮ ಕಡೆ ಒಂದು ಪದದ ಬಗ್ಗೆ ವಿಶೇಷ ಎಚ್ಚರ ಬೇಕು: ‘ಮತ್ತೆ’. ಸಂಪಾಜೆ, ಭಾಗಮಂಡಲದ ಕಡೆಯ ಆಡುಮಾತಿನಲ್ಲಿ ‘ಮತ್ತೆ’ ಎಂದರೆ ‘ಆಮೇಲೆ’ ಎಂದೂ ಆಗುತ್ತದೆ. ಅಚ್ಚಿನ ಕನ್ನಡದಲ್ಲಿ ಸಾಮಾನ್ಯವಾಗಿ ‘ಇನ್ನೊಮ್ಮೆ’ ಎಂದು ಅರ್ಥ. ‘ಅಕ್ಕಿಯನ್ನು ಮತ್ತೆ ತೊಳೆಯಿರಿ’ ಎಂದು ಓದಿದ ಮಗು ಒಂದೇ ಸಲ ತೊಳೆದರೆ ಸಾಕೆಂದುಕೊಳ್ಳುತ್ತದೆ. ‘ಮತ್ತೆ’ ಕಂಡಲ್ಲಿ ‘ಈ ಕೆಲಸ ಹಿಂದೆಯೂ ಒಮ್ಮೆ ಬಂದಿದೆಯೇ?’ ಎಂದು ಕೇಳುವ ರೂಢಿ ಮಾಡಿಸಿ.

## ಹಂತ 4: ಕ್ರಿಯಾಪದದ ಕೊಂಡಿ

ಇಲ್ಲಿಂದ ನಿಧಾನ. ಈ ವಾಕ್ಯವನ್ನು ಹಲಗೆಯ ಮೇಲೆ ಬರೆಯಿರಿ:

*ಸೊಪ್ಪನ್ನು ತೊಳೆದು ಹೆಚ್ಚಿ ಬಾಣಲೆಗೆ ಹಾಕಿ.*

ಇದರಲ್ಲಿ ‘ಮೊದಲು’ ಇಲ್ಲ, ‘ನಂತರ’ ಇಲ್ಲ. ಆದರೂ ಕ್ರಮ ಅತ್ಯಂತ ಸ್ಪಷ್ಟ: ತೊಳೆಯುವುದು, ಹೆಚ್ಚುವುದು, ಹಾಕುವುದು. ಕೆಂಪು ಪೆನ್ಸಿಲ್ ಹಿಡಿದ ಮಗು ಇಲ್ಲಿ ಕ್ರಮಪದವೇ ಇಲ್ಲ ಎನ್ನುತ್ತದೆ. ಕೆಲಸ ಎಷ್ಟು ಎಂದು ಕೇಳಿದರೆ, ವಾಕ್ಯ ಒಂದೇ ಇರುವುದರಿಂದ ಕೆಲಸವೂ ಒಂದೇ ಎನ್ನುತ್ತದೆ.

‘ತೊಳೆದು’, ‘ಹೆಚ್ಚಿ’ ಇವುಗಳನ್ನು ಕೊಂಡಿ ಪದಗಳು ಎಂದು ಪರಿಚಯಿಸಿ. ವ್ಯಾಕರಣದ ಹೆಸರು ಈಗ ಬೇಡ. ಒಂದು ಕೆಲಸ ಮುಗಿದು ಮುಂದಿನದಕ್ಕೆ ಸೇರುವ ಜಾಗ ಅದು. ಕೊಂಡಿಗಳಿಗೆ ನೀಲಿ ಗೆರೆ. ಕೊಂಡಿಯ ಬಳಿ ಮಗು ‘ಆಮೇಲೆ’ ಸೇರಿಸಿ ಓದಲಿ: *ತೊಳೆದು ಆಮೇಲೆ ಹೆಚ್ಚಿ ಆಮೇಲೆ ಬಾಣಲೆಗೆ ಹಾಕಿ.* ‘ಆಮೇಲೆ’ ಸಲೀಸಾಗಿ ಕೂತರೆ ಅಲ್ಲಿ ಎರಡು ಕೆಲಸ ಇವೆ ಎಂದರ್ಥ.

ಈ ‘ಆಮೇಲೆ ಪರೀಕ್ಷೆ’ ಮೂರು ಕಡೆ ಮಕ್ಕಳನ್ನು ಕಾಪಾಡುತ್ತದೆ.

ಕೊಂಡಿಯೂ ಆಜ್ಞೆಯೂ ಒಂದೇ ರೂಪದಲ್ಲಿರುವಾಗ. ‘ತೊಳೆದು’ ಮತ್ತು ‘ತೊಳೆಯಿರಿ’ ನೋಡಲು ಬೇರೆ ಬೇರೆ. ಆದರೆ ‘ಹಾಕಿ’, ‘ಹೆಚ್ಚಿ’, ‘ಕಲಸಿ’, ‘ಬೇಯಿಸಿ’ ಇವು ಕೊಂಡಿಯೂ ಆಗುತ್ತವೆ, ವಾಕ್ಯದ ಕೊನೆಯಲ್ಲಿ ಆಜ್ಞೆಯೂ ಆಗುತ್ತವೆ. ‘ಉಪ್ಪು ಹಾಕಿ ಕಲಸಿ’ ಎಂಬಲ್ಲಿ ಮೊದಲನೆಯದು ಕೊಂಡಿ, ಎರಡನೆಯದು ಆಜ್ಞೆ. ಎರಡೂ ಒಂದೊಂದು ಕೆಲಸವೇ ಎಂದು ಪರೀಕ್ಷೆ ತೋರಿಸಿಕೊಡುತ್ತದೆ.

ಎರಡು ಪದ ಸೇರಿ ಒಂದೇ ಕೆಲಸವಾದಾಗ. ಕೊಂಡಿ ಎಣಿಸಲು ಕಲಿತ ಮಗು ‘ತೆಗೆದುಕೊಳ್ಳಿ’ ಎಂಬುದನ್ನು ‘ತೆಗೆದು’ ಮತ್ತು ‘ಕೊಳ್ಳಿ’ ಎಂದು ಒಡೆಯುತ್ತದೆ. ‘ತೆಗೆದು ಆಮೇಲೆ ಕೊಳ್ಳಿ’ ಎಂದು ಓದಿಸಿ. ಕಿವಿಗೆ ಒಗ್ಗುವುದಿಲ್ಲ, ಹಾಗಾಗಿ ಅದು ಒಂದೇ ಕೆಲಸ.

ಎರಡು ಕೆಲಸ ಜೊತೆಯಾಗಿ ನಡೆಯುವಾಗ. ‘ಕಲಕುತ್ತಾ ಹಿಟ್ಟು ಸುರಿಯಿರಿ’ ಎಂಬಲ್ಲಿ ‘ಆಮೇಲೆ’ ಕೂರುವುದಿಲ್ಲ. ‘ಉತ್ತಾ’ ಎಂದು ಕೊನೆಯಾದರೆ ಒಂದು ಕೈ ಕಲಕುತ್ತಲೇ ಇರಬೇಕು, ಇನ್ನೊಂದು ಕೈ ಸುರಿಯಬೇಕು. ಇದನ್ನು ಎರಡೂ ಕೈಯಿಂದ ಅಭಿನಯಿಸಿ ತೋರಿಸುವಂತೆ ಹೇಳಿ. ‘ಮುಚ್ಚಿ ಬೇಯಿಸಿ’ ಎಂಬುದು ಗಡಿಯ ಮೇಲಿನ ಉದಾಹರಣೆ. ಮುಚ್ಚುವುದು ಮೊದಲೇ ಆದರೂ ಮುಚ್ಚಳ ಬೇಯುವಷ್ಟು ಹೊತ್ತೂ ಇರಬೇಕು. ಮಕ್ಕಳು ಈ ಬಗ್ಗೆ ವಾದಕ್ಕೆ ನಿಂತರೆ ಬಿಡಿ, ಆ ವಾದದಲ್ಲೇ ಅವರು ಗಮನವಿಟ್ಟು ಓದಲು ಕಲಿಯುತ್ತಾರೆ.

ಸಾಮಾನ್ಯ ತಪ್ಪು: ಈ ಹಂತದಲ್ಲಿ ಶಿಕ್ಷಕರು ಪಠ್ಯವನ್ನು ಸರಳಗೊಳಿಸುವ ನೆಪದಲ್ಲಿ ಕೊಂಡಿಗಳನ್ನೆಲ್ಲ ಕತ್ತರಿಸಿ ‘ಸೊಪ್ಪು ತೊಳೆಯಿರಿ. ಸೊಪ್ಪು ಹೆಚ್ಚಿರಿ. ಬಾಣಲೆಗೆ ಹಾಕಿರಿ.’ ಎಂದು ಬರೆದುಕೊಡುತ್ತಾರೆ. ಮಗು ಅದನ್ನು ಸರಿಯಾಗಿ ಓದುತ್ತದೆ, ಆದರೆ ಹೊರಗಿನ ಯಾವ ಪಠ್ಯವೂ ಹಾಗಿರುವುದಿಲ್ಲ. ಕೊಂಡಿಯ ವಾಕ್ಯವನ್ನು ಬಿಡಿ ವಾಕ್ಯಗಳಾಗಿ ಒಡೆಯುವ ಕೆಲಸವನ್ನು ಮಗುವೇ ಮಾಡಲಿ.

## ಹಂತ 5: ‘ವ’ ಇದ್ದರೆ ಇನ್ನೂ ಆಗಿಲ್ಲ, ‘ದ’ ಇದ್ದರೆ ಆಗಿದೆ

ಅತಿ ಹೆಚ್ಚು ಮಕ್ಕಳು ಸೋಲುವುದು ಇಲ್ಲಿ. ಎರಡು ವಾಕ್ಯಗಳನ್ನು ಒಂದರ ಕೆಳಗೆ ಒಂದು ಬರೆಯಿರಿ.

*ಮೊದಲು ಗಂಬೂಟು ಹಾಕಿಕೊಳ್ಳಿ, ಆಮೇಲೆ ತೋಟಕ್ಕೆ ಇಳಿಯಿರಿ.*
*ತೋಟಕ್ಕೆ ಇಳಿಯುವ ಮೊದಲು ಗಂಬೂಟು ಹಾಕಿಕೊಳ್ಳಿ.*

ಎರಡರ ಅರ್ಥವೂ ಒಂದೇ. ಎರಡರಲ್ಲೂ ‘ಮೊದಲು’ ಇದೆ. ಆದರೆ ಎರಡನೆಯ ವಾಕ್ಯದಲ್ಲಿ ಮೊದಲಿಗೆ ಓದಿಗೆ ಸಿಗುವ ಕೆಲಸ, ಅಂದರೆ ತೋಟಕ್ಕೆ ಇಳಿಯುವುದು, ಮಾಡುವಾಗ ಎರಡನೆಯದು. ‘ಮೊದಲು’ ಕಂಡ ತಕ್ಷಣ ಅದರ ಪಕ್ಕದ ಕೆಲಸಕ್ಕೆ 1 ಎಂದು ಅಂಕಿ ಹಾಕುವ ಮಗು ಜಿಗಣೆಗಳ ನಡುವೆ ಬರಿಗಾಲಲ್ಲಿ ಇಳಿಯುತ್ತದೆ. ಹೀಗೆ ಹೇಳಿದರೆ ನಮ್ಮ ಮಕ್ಕಳು ಮರೆಯುವುದಿಲ್ಲ.

ಮಗುವಿಗೆ ಕೊಡಬೇಕಾದ ಕೀಲಿ ಇದು: ಕ್ರಮಪದದ ಹಿಂದೆ ಅಂಟಿಕೊಂಡಿರುವ ಕ್ರಿಯಾಪದದ ಕೊನೆಯ ಅಕ್ಷರ ನೋಡು.

*ಇಳಿಯುವ ಮೊದಲು, ಹಾಕುವ ಮುನ್ನ, ಒಣಗುವ ತನಕ, ಉಬ್ಬುವವರೆಗೆ.* ‘ವ’ ಇದೆ. ಆ ಕೆಲಸ ಇನ್ನೂ ಆಗಿಲ್ಲ, ಮುಂದೆ ಆಗಲಿದೆ.

*ಬೆಂದ ಮೇಲೆ, ಕುದಿದ ನಂತರ, ಹಾಕಿದ ಕೂಡಲೇ, ತೇಲುವ ಹಣ್ಣು ತೆಗೆದ ಬಳಿಕ.* ‘ದ’ ಇದೆ. ಆ ಕೆಲಸ ಆಗಿಹೋಗಿದೆ. ‘ಇಟ್ಟ’, ‘ಸುಟ್ಟ’, ‘ಬಿಟ್ಟ’ ಎಂಬ ರೂಪಗಳೂ ‘ದ’ ಗುಂಪಿಗೇ ಸೇರಿದವು.

‘ದ’ ಗುಂಪಿನಲ್ಲಿ ತೊಂದರೆ ಕಡಿಮೆ. ಓದುವ ಕ್ರಮವೇ ಮಾಡುವ ಕ್ರಮ. ‘ವ’ ಗುಂಪಿನಲ್ಲಿ ಕ್ರಮ ತಿರುಗುತ್ತದೆ, ಆದ್ದರಿಂದ ಅಭ್ಯಾಸದ ಬಹುಪಾಲು ಸಮಯವನ್ನು ‘ವ’ಕ್ಕೇ ಕೊಡಿ. ಮಗು ‘ವ’ದ ಮೇಲೆ ಬಾಗಿದ ಬಾಣ ಬರೆದು ಎರಡೂ ಕೆಲಸಗಳಿಗೆ ಅಂಕಿ ಹಾಕಲಿ.

ಈ ಕೀಲಿಗೆ ಮಿತಿಗಳಿವೆ, ಅವನ್ನೂ ಹೇಳಿಕೊಡಿ. ‘ವ’ದ ನಿಯಮ ಅನ್ವಯಿಸುವುದು ಅದರ ಮುಂದೆ ಮೊದಲು, ಮುನ್ನ, ತನಕ, ವರೆಗೆ ಬಂದಾಗ ಮಾತ್ರ. ‘ಕುದಿಯುವ ನೀರು’ ಎಂದರೆ ನೀರು ಈಗಾಗಲೇ ಕುದಿಯುತ್ತಿದೆ. ‘ಕುದಿಯುವಾಗ’ ಎಂದರೂ ಹಾಗೆಯೇ. ‘ಮೇಲೆ’ ಎಂಬ ಪದಕ್ಕೆ ಎರಡು ಮುಖ: ‘ರೊಟ್ಟಿ ಬೆಂದ ಮೇಲೆ’ ಸಮಯವನ್ನು ಹೇಳುತ್ತದೆ, ‘ಕೆಂಡದ ಮೇಲೆ’ ಜಾಗವನ್ನು ಹೇಳುತ್ತದೆ. ಎರಡರಲ್ಲೂ ‘ದ’ ಇರುವುದರಿಂದ ಅಕ್ಷರ ನೋಡಿದರೆ ಸಾಲದು. ‘ಹಿಂದಿರುವ ಪದ ವಸ್ತುವೇ, ಕೆಲಸವೇ?’ ಎಂದು ಕೇಳಬೇಕು. ಕೆಂಡ ವಸ್ತು, ಬೇಯುವುದು ಕೆಲಸ.

ಕೊನೆಯಲ್ಲಿ ‘ಬೇಡಿ’ ಬರುವ ವಾಕ್ಯಗಳನ್ನು ಕೆಲವು ದಿನ ತಡೆದಿಡಿ. ‘ಪೂರ್ತಿ ಒಣಗುವ ತನಕ ಕಾಫಿಯನ್ನು ಚೀಲಕ್ಕೆ ತುಂಬಬೇಡಿ’ ಎಂದಾಗ ಒಣಗುವುದು ಮೊದಲು, ತುಂಬುವುದು ಆಮೇಲೆ. ಆದರೆ ‘ಪರಿಮಳ ಬರುವ ತನಕ ಹುರಿಯಿರಿ’ ಎಂದಾಗ ಹುರಿಯುವುದು ಮೊದಲು, ಪರಿಮಳ ಆಮೇಲೆ. ಎರಡನ್ನೂ ಒಂದೇ ದಿನ ಕೊಟ್ಟರೆ ‘ವ’ದ ಕೀಲಿಯೇ ಕೈತಪ್ಪುತ್ತದೆ. ‘ಹುರಿಯಿರಿ’ ಬಗೆ ಗಟ್ಟಿಯಾದ ಮೇಲೆ ‘ಬೇಡಿ’ ಬಗೆಗೆ ಬನ್ನಿ. ಒಣಗದ ಕಾಫಿ ತುಂಬಿದರೆ ಚೀಲದಲ್ಲಿ ಬೂಷ್ಟು ಹಿಡಿಯುತ್ತದೆ ಎಂದು ತೋಟದ ಮಕ್ಕಳಿಗೆ ಗೊತ್ತಿರುತ್ತದೆ, ಅವರಿಂದಲೇ ಕಾರಣ ಹೇಳಿಸಿ.

## ಹಂತ 6: ಅಡಗಿದ ಹಂತಗಳನ್ನು ಹೊರಗೆಳೆಯಿರಿ

ಹಸಿರು ಪೆನ್ಸಿಲ್ ಈಗ ಬರಲಿ. ಈ ಪಠ್ಯವನ್ನು ದೊಡ್ಡ ಅಕ್ಷರಗಳಲ್ಲಿ ಬರೆದು ತೂಗುಹಾಕಿ:

*ತಣ್ಣಗಾದ ಅನ್ನವನ್ನು ನುಣ್ಣಗೆ ಹಿಸುಕಿ ಅಕ್ಕಿಹಿಟ್ಟು, ಉಪ್ಪು ಸೇರಿಸಿ ಕಲಸಿ. ಉಂಡೆ ಮಾಡುವ ಮೊದಲು ಅಂಗೈಗೆ ಎಣ್ಣೆ ಸವರಿಕೊಳ್ಳಿ. ತಟ್ಟಿದ ರೊಟ್ಟಿಯನ್ನು ಕಾದ ಕಾವಲಿಗೆ ಹಾಕಿ ಎರಡೂ ಬದಿ ಬೇಯಿಸಿ. ಕೆಂಡದ ಮೇಲೆ ಉಬ್ಬುವವರೆಗೆ ಸುಡಿ.*

ನಾಲ್ಕೇ ವಾಕ್ಯ. ಕೆಂಪು ಪೆನ್ಸಿಲ್‌ಗೆ ಸಿಗುವುದು ‘ಮೊದಲು’ ಒಂದೇ, ಅದೂ ದಾರಿ ತಪ್ಪಿಸುವ ಜಾಗದಲ್ಲಿದೆ. ನೀಲಿಗೆ ‘ಹಿಸುಕಿ’, ‘ಸೇರಿಸಿ’, ‘ಹಾಕಿ’ ಸಿಗುತ್ತವೆ. ‘ಕೆಂಡದ ಮೇಲೆ’ ಜಾಗ ಹೇಳುವುದರಿಂದ ಅದಕ್ಕೆ ಯಾವ ಗೆರೆಯೂ ಇಲ್ಲ.

ಈಗ ಕೇಳಿ: ‘ತಣ್ಣಗಾದ ಅನ್ನ’ ಎಲ್ಲಿಂದ ಬಂತು? ಯಾರೋ ಅನ್ನ ಮಾಡಿ ಆರಲು ಬಿಟ್ಟಿದ್ದಾರೆ. ‘ತಟ್ಟಿದ ರೊಟ್ಟಿ’ ಎಂದಿದೆಯಲ್ಲ, ತಟ್ಟಲು ಹೇಳಿದ್ದು ಯಾವಾಗ? ಹೇಳಿಯೇ ಇಲ್ಲ. ‘ಕಾದ ಕಾವಲಿ’ ಎಂದರೆ ಅದನ್ನು ಯಾವಾಗ ಒಲೆಯ ಮೇಲಿಟ್ಟರು? ವಸ್ತುವಿನ ಹಿಂದೆ ಬಣ್ಣನೆಯಂತೆ ಕೂತಿರುವ ‘ತಣ್ಣಗಾದ’, ‘ತಟ್ಟಿದ’, ‘ಕಾದ’ ಇವು ಒಂದೊಂದು ಹಂತವನ್ನು ಒಳಗಿಟ್ಟುಕೊಂಡಿವೆ. ಇವುಗಳಿಗೆ ಹಸಿರು ಗೆರೆ ಎಳೆದು ಪ್ರತಿಯೊಂದಕ್ಕೂ ಹೊಸ ಚೀಟಿ ಬರೆಸಿ.

ಸಾಮಗ್ರಿಗಳ ಪಟ್ಟಿಯಲ್ಲೂ ಇದೇ ಕಥೆ. ‘ನೆನೆಸಿದ ಅಕ್ಕಿ 2 ಕಪ್’, ‘ತುರಿದ ತೆಂಗಿನಕಾಯಿ ಅರ್ಧ ಕಪ್’ ಎಂದು ಇರುತ್ತದೆ. ಪಟ್ಟಿಯನ್ನು ಹಾರಿ ನೇರವಾಗಿ ‘ಮಾಡುವ ವಿಧಾನ’ಕ್ಕೆ ಹೋಗುವ ಮಗುವಿಗೆ ಅಕ್ಕಿ ನೆನೆಸುವ ಹಂತ ಕಾಣುವುದೇ ಇಲ್ಲ. ಓಆರ್‌ಎಸ್ ಸೂಚನೆಯಲ್ಲಿ ‘ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಪೂರ್ತಿ ಪೊಟ್ಟಣ ಬೆರೆಸಿ’ ಎಂದಿದ್ದರೆ ಕುದಿಸುವುದು, ಆರಿಸುವುದು, ಅಳೆಯುವುದು, ಬೆರೆಸುವುದು ಎಂದು ನಾಲ್ಕು ಕೆಲಸಗಳಿವೆ. ಇಲ್ಲಿ ಹಂತ ಬಿಡುವುದು ರುಚಿಯ ಪ್ರಶ್ನೆಯಲ್ಲ. ಭೇದಿಯಾದ ತಂಗಿಗೆ ಅಕ್ಕನೇ ನೀರು ಬೆರೆಸಿ ಕೊಡುವ ಮನೆಗಳು ನಮ್ಮಲ್ಲಿವೆ. ಅಕ್ಷರ ಕಲಿತ ಮಗುವನ್ನು ನಂಬಿ ಹೆತ್ತವರು ತೋಟದ ಕೆಲಸಕ್ಕೆ ಹೋಗಿರುತ್ತಾರೆ.

## ಹಂತ 7: ಹಗ್ಗದ ಮೇಲೆ ಜೋಡಣೆ

ಚೀಟಿ ಜೋಡಿಸುವ ಆಟವನ್ನು ಎಲ್ಲರೂ ಆಡಿಸುತ್ತಾರೆ, ಹೆಚ್ಚಿನವರು ತಪ್ಪಾಗಿ ಆಡಿಸುತ್ತಾರೆ. ಚೀಟಿಯ ಮೇಲೇ ‘ಮೊದಲು’, ‘ನಂತರ’, ‘ಕೊನೆಗೆ’ ಎಂದು ಬರೆದಿದ್ದರೆ ಮಗು ಆ ಒಂದು ಪದ ನೋಡಿ ಜೋಡಿಸುತ್ತದೆ, ಉಳಿದದ್ದನ್ನು ಓದುವುದೇ ಇಲ್ಲ. ಹಗ್ಗ ಸರಿಯಾಗಿ ಕಾಣುತ್ತದೆ, ಓದು ನಡೆದಿರುವುದಿಲ್ಲ.

ಹೀಗೆ ಮಾಡಿಸಿ:

1. ಪೂರ್ತಿ ಪಠ್ಯವನ್ನು ಮಗು ಒಮ್ಮೆ ಮನಸ್ಸಿನಲ್ಲಿ, ಒಮ್ಮೆ ಗಟ್ಟಿಯಾಗಿ ಓದಲಿ.
2. ಕೆಲಸಗಳನ್ನು ಮಾತ್ರ ಚೀಟಿಗಳಲ್ಲಿ ಬರೆಯಲಿ: ‘ಅನ್ನ ಹಿಸುಕುವುದು’, ‘ಎಣ್ಣೆ ಸವರುವುದು’. ಕ್ರಮಪದ ಯಾವುದೂ ಬೇಡ.
3. ಚೀಟಿಗಳನ್ನು ಕಲಸಿ ಪಕ್ಕದ ಜೋಡಿಗೆ ಕೊಡಲಿ. ಆ ಜೋಡಿ ಪಠ್ಯ ನೋಡಿಕೊಂಡು ಹಗ್ಗಕ್ಕೆ ಸಿಕ್ಕಿಸಲಿ.
4. ಪ್ರತಿ ಎರಡು ಚೀಟಿಗಳ ನಡುವೆ ‘ಇದು ಮೊದಲು ಎಂದು ನಿನಗೆ ಯಾವ ಪದ ಹೇಳಿತು?’ ಎಂದು ನೀವು ಕೇಳಿ. ಮಗು ಪಠ್ಯದಲ್ಲಿ ಆ ಪದವನ್ನೋ ಅಕ್ಷರವನ್ನೋ ಬೆರಳಿಟ್ಟು ತೋರಿಸಬೇಕು.
5. ಹಗ್ಗ ನೋಡುತ್ತಾ ಒಬ್ಬರು ಅಭಿನಯಿಸಲಿ. ಕೈಗೆ ಸಿಗದ ವಸ್ತುವನ್ನು ಬಳಸಬೇಕಾಗಿ ಬಂದರೆ ಅಲ್ಲೊಂದು ಹಂತ ಬಿಟ್ಟಿದೆ ಎಂದು ತಿಳಿಯುತ್ತದೆ.

ನಾಲ್ಕನೆಯದನ್ನು ಎಂದಿಗೂ ಬಿಡಬೇಡಿ. ನಮ್ಮ ಮಕ್ಕಳು ಅಡುಗೆಮನೆಯಲ್ಲಿ ಅವ್ವನ ಪಕ್ಕ, ಕಣದಲ್ಲಿ ಅಪ್ಪನ ಪಕ್ಕ ನಿಂತು ಬೆಳೆದವರು. ಅಕ್ಕಿ ರೊಟ್ಟಿಯ ಕ್ರಮವನ್ನು ಪಠ್ಯ ಓದದೆಯೂ ಜೋಡಿಸಬಲ್ಲರು. ಅದು ಒಳ್ಳೆಯದೇ, ಆದರೆ ಅದು ಓದಿಗೆ ಸಾಕ್ಷಿಯಲ್ಲ.

ಇನ್ನೊಂದು ಮಾತು. ‘ಕಾವಲಿ ಕಾಯಿಸುವುದು’ ಎಂಬ ಚೀಟಿಗೆ ಒಂದೇ ಜಾಗವಿಲ್ಲ. ರೊಟ್ಟಿ ಹಾಕುವ ಮೊದಲು ಎಲ್ಲಿ ಸಿಕ್ಕಿಸಿದರೂ ಸರಿ. ಉತ್ತರಪತ್ರಿಕೆಯಲ್ಲಿ ಒಂದೇ ಅಂಕಿಸಾಲು ಇಟ್ಟುಕೊಂಡು ಸರಿಯಾಗಿ ಯೋಚಿಸಿದ ಮಗುವಿಗೆ ತಪ್ಪು ಹಾಕುವುದು ನನಗೆ ಅತ್ಯಂತ ಬೇಸರ ತರುವ ಸಂಗತಿ. ಜಾಗ ಬದಲಿಸಬಹುದಾದ ಚೀಟಿ ಯಾವುದು, ಬದಲಿಸಲೇಬಾರದ ಚೀಟಿ ಯಾವುದು ಎಂದು ಮಕ್ಕಳನ್ನೇ ಕೇಳಿ.

## ಹಂತ 8: ಮಗುವೇ ಬರೆಯಲಿ

ಮನೆಯಲ್ಲಿ ತಾನು ನೋಡಿದ ಒಂದು ಕೆಲಸವನ್ನು ಮಗು ಐದಾರು ವಾಕ್ಯಗಳಲ್ಲಿ ಬರೆಯಲಿ. ಬೆಲ್ಲದ ಕಾಫಿ ಮಾಡುವುದು, ಕೋಳಿಗೂಡು ಮುಚ್ಚುವುದು, ಕೊಡೆ ಒಣಗಿಸಿ ಮಡಚುವುದು, ಏನಾದರೂ ಆಗಬಹುದು. ಬರಹದಲ್ಲಿ ಒಂದು ಬಿಡಿ ಕ್ರಮಪದ, ಎರಡು ಕೊಂಡಿ, ಒಂದು ‘ವ’ ಜೋಡಿ ಇರಬೇಕೆಂದು ಮೊದಲೇ ತಿಳಿಸಿ. ಪ್ರತಿ ವಾಕ್ಯದಲ್ಲೂ ‘ನಂತರ’ ಬರೆದರೆ ತಿದ್ದಿ. ಎರಡು ವಾಕ್ಯಗಳನ್ನು ಕೊಂಡಿಯಿಂದ ಸೇರಿಸಲು ಹೇಳಿದರೆ ಸಾಕು.

## ಎಲ್ಲಿ ನಿಲ್ಲಿಸಿ ಹಿಂದಕ್ಕೆ ಹೋಗಬೇಕು

- ಮಗು ವಾಕ್ಯ ಓದದೆ ಬಣ್ಣದ ಗೆರೆಗಳನ್ನಷ್ಟೇ ಬೇಗ ಬೇಗ ಎಳೆಯುತ್ತಿದೆ: ಪೆನ್ಸಿಲ್ ಕಸಿದುಕೊಳ್ಳಿ, ಎರಡನೆಯ ಹಂತದ ಅಭಿನಯಕ್ಕೆ ಹೋಗಿ.
- ‘ಮೊದಲು’ ಕಂಡ ಕಡೆಯೆಲ್ಲ 1 ಎಂದು ಬರೆಯುತ್ತಿದೆ: ಐದನೆಯ ಹಂತದ ಗಂಬೂಟಿನ ವಾಕ್ಯಗಳನ್ನು ಮತ್ತೆ ಅಭಿನಯಿಸಿ.
- ಪರಿಚಿತ ಕೆಲಸದಲ್ಲಿ ಎಲ್ಲವೂ ಸರಿ, ಅಪರಿಚಿತ ಕೆಲಸದಲ್ಲಿ ಎಲ್ಲವೂ ತಪ್ಪು: ಮಗು ನೆನಪಿನಿಂದ ಜೋಡಿಸುತ್ತಿದೆ, ಪಠ್ಯದಿಂದಲ್ಲ.
- ಚೀಟಿಗಳ ಸಂಖ್ಯೆ ವಾಕ್ಯಗಳ ಸಂಖ್ಯೆಗೆ ಸರಿಯಾಗಿ ಸಮವಾಗಿದೆ: ಕೊಂಡಿಗಳೂ ಅಡಗಿದ ಹಂತಗಳೂ ಕಂಡಿಲ್ಲ.

## ಕೊನೆಯ ಪರೀಕ್ಷೆ

ಮಗು ಮೊದಲು ನೋಡಿರದ ಒಂದು ವಾಕ್ಯ ಕೊಡಿ, ಚಿತ್ರ ಬೇಡ, ವಿವರಣೆ ಬೇಡ:

*ಗೊಂಚಲಿನಿಂದ ಬಿಡಿಸಿದ ಮೆಣಸಿನ ಕಾಳುಗಳನ್ನು ಬಿಸಿಲಿಗೆ ಹರಡುವ ಮುನ್ನ ಕುದಿಯುವ ನೀರಿನಲ್ಲಿ ಒಂದು ನಿಮಿಷ ಅದ್ದಿ ತೆಗೆಯಿರಿ.*

ಇದರಲ್ಲಿರುವ ಕೆಲಸಗಳು ಹೀಗೆ: ಕಾಳು ಬಿಡಿಸುವುದು, ನೀರು ಕುದಿಸುವುದು, ಅದ್ದುವುದು, ತೆಗೆಯುವುದು, ಹರಡುವುದು. ಮೊದಲ ಎರಡು ಅದಲುಬದಲಾದರೂ ಸರಿ, ಕೊನೆಯ ಮೂರು ಆಗುವಂತಿಲ್ಲ. ‘ಹರಡುವ’ ವಾಕ್ಯದ ನಡುವೆ ಬಂದರೂ ಹಗ್ಗದ ತುದಿಗೆ ಹೋಗಬೇಕು. ಮಗು ಆ ಚೀಟಿಯನ್ನು ತುದಿಗೆ ಸಿಕ್ಕಿಸಿ, ಕೇಳಿದಾಗ ‘ವ’ದ ಮೇಲೆ ಬೆರಳಿಟ್ಟರೆ ಪಾಠ ಮುಗಿದಂತೆ. ಮಧ್ಯದಲ್ಲಿ ಸಿಕ್ಕಿಸಿದರೆ ಐದನೆಯ ಹಂತವನ್ನು ಹೊಸ ವಾಕ್ಯಗಳೊಂದಿಗೆ ಇನ್ನೊಮ್ಮೆ ಮಾಡಿಸಿ. ಅದೇ ಮೆಣಸಿನ ವಾಕ್ಯವನ್ನು ಮರುಪರೀಕ್ಷೆಗೆ ಬಳಸಬೇಡಿ, ಮಗು ಅದರ ಉತ್ತರವನ್ನು ನೆನಪಿಟ್ಟುಕೊಂಡಿರುತ್ತದೆ.